ಚನ್ನಕ್ಕನ ಮಂಗಳವಾರದ ಎರಡು ತಾಸು

ಚನ್ನಕ್ಕನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಸಿಡ್ನಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಿಗೆಲ್ಲ ಗೊತ್ತಿರುವ ಚನ್ನಕ್ಕ ಕನ್ನಡ ಸಂಘದ ಊಟಕ್ಕೆ ನೂರೈವತ್ತು ಜೋಳದ ರೊಟ್ಟಿ ತಟ್ಟಿಕೊಂಡು ಬರುವ ಹೆಂಗಸು, ಅಷ್ಟೇ. ರೊಟ್ಟಿ ತಿಂದು, "ಸೂಪರ್ ಆಂಟಿ" ಎಂದು ಕೈ ತೊಳೆದುಕೊಂಡವರು ಯಾರೂ ಅವರ ಬಗ್ಗೆ ಬರೆಯುವುದಿಲ್ಲ. ನಾನು ಬರೆಯುತ್ತಿರುವುದು ಅವರ ಮೇಲಿನ ಪ್ರೀತಿಯಿಂದ ಎಂದರೆ ಅರ್ಧ ಸುಳ್ಳಾಗುತ್ತದೆ. ಮನಸ್ಸು ತಡೆಯುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಚನ್ನಕ್ಕ ಬೈಲಹೊಂಗಲದವರು. ಗಂಡ ಗುರುಶಾಂತಪ್ಪನವರು ಧಾರವಾಡದವರು, ರೈಲ್ವೆ ಸಿಗ್ನಲ್ ಎಂಜಿನಿಯರ್. ಎಂಬತ್ತೊಂಬತ್ತರಲ್ಲಿ ಮೂರು ವರ್ಷದ ಮಗ ಕಿರಣಕುಮಾರನನ್ನು ಕಂಕುಳಲ್ಲಿ ಎತ್ತಿಕೊಂಡು ಸಿಡ್ನಿಗೆ ಬಂದವರು. ಚನ್ನಕ್ಕ ಇಲ್ಲಿಯ ಒಂದು ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ದುಡಿದರು. ನಿವೃತ್ತರಾದ ಮೇಲೆ ಇಬ್ಬರೂ ಮಾರ್ಸ್ಡನ್ ಪಾರ್ಕಿನ ಹೊಸ ಬಡಾವಣೆಯಲ್ಲಿ ಮನೆ ಮಾಡಿದರು. ನಾವು ಮೈಸೂರಿನವರು. ನನ್ನ ಗಂಡ ಶಂಕರನಾರಾಯಣ ಹತ್ತಿರದ ನಾರ್ವೆಸ್ಟ್‌ನಲ್ಲಿ ಕೆಲಸ ಮಾಡುತ್ತಿದ್ದರು, ನಾನು ಮನೆ, ಮೊಮ್ಮಗಳು ಮತ್ತು ಕನ್ನಡ ಸಂಘದ ಕಾರ್ಯದರ್ಶಿಗಿರಿ ನೋಡಿಕೊಂಡಿದ್ದೆ. ಹಿತ್ತಲ ಬೇಲಿಯ ಆಚೆ ಅವರು, ಈಚೆ ನಾವು. ಒಂಬತ್ತು ವರ್ಷ ಆ ಬೇಲಿಯ ಮೇಲಿಂದ ಸಾರು, ಪಲ್ಯ, ಚಾಡಿ ಮಾತು ಎಲ್ಲ ದಾಟಿವೆ.

ಒಂದು ಮಂಗಳವಾರ ಬೆಳಿಗ್ಗೆ ಚನ್ನಕ್ಕ ಗೇರುಹಣ್ಣಿನ ಬಣ್ಣದ, ಒಳಗೆ ನಾಲ್ಕಾರು ಪದರ ಲಂಗ ತುಂಬಿಸಿ ಕೊಡೆಯಂತೆ ಅಗಲವಾಗಿ ನಿಂತ ಒಂದು ಸ್ಕರ್ಟ್ ಹಾಕಿಕೊಂಡು ಕಾರು ಹತ್ತುವುದನ್ನು ನಾನು ನೋಡಿದೆ. ಅರವತ್ತು ದಾಟಿದ ಹೆಂಗಸು! ಸಂಘದಲ್ಲಿ ಎಲ್ಲರಿಗೂ ಅವರು "ವ್ಯಾಯಾಮದ ಕ್ಲಾಸಿಗೆ ಹೋಗ್ತೀವಿ" ಎಂದು ಹೇಳಿಕೊಂಡಿದ್ದರು. ನಾನು ಬಿಡುವವಳಲ್ಲ. ಬೇಲಿಯ ಹತ್ತಿರ ಹಿಡಿದು ಕೇಳಿಯೇ ಬಿಟ್ಟೆ.

"ಏನ್ ಚನ್ನಕ್ಕ, ವ್ಯಾಯಾಮಕ್ಕೆ ಇಷ್ಟೊಂದು ಫ್ರಿಲ್ಲು?"

ಅವರು ನಾಚಿಕೊಂಡು ಹೇಳಿದರು. "ಸ್ಕ್ವೇರ್ ಡ್ಯಾನ್ಸ್ ಅಂತ ಐತಿ ಗಿರಿಜಾ. ಲೈಬ್ರರಿ ಬಾಜೂ ಹಾಲ್‌ನಾಗ. ಇವರಿಗೆ ಭಾಳ ಹಿಡಿಸೇತಿ. ನೀ ಯಾರ ಮುಂದೂ ಹೇಳಬ್ಯಾಡವಾ, ಮಂದಿ ಕೈ ಹಿಡ್ಕೊಂಡು ಕುಣೀತಾಳ ಮುದುಕಿ ಅಂತ ಆಡ್ಕೋತಾರ."

ಎಂಟು ಜನ, ನಾಲ್ಕು ಜೋಡಿ, ಚೌಕದ ನಾಲ್ಕು ಬದಿಗೆ ನಿಲ್ಲುತ್ತಾರೆ. ಒಬ್ಬ ಮೈಕ್ ಹಿಡಿದು ಹಾಡಿನ ನಡುನಡುವೆ ಆಜ್ಞೆ ಕೂಗುತ್ತಾನೆ. ಪಕ್ಕದವರಿಗೆ ಎಡಗೈ ಕೊಡಿ, ಒಂದು ಸುತ್ತು ಬನ್ನಿ, ನಿಮ್ಮ ಜೋಡಿಯನ್ನು ಕರೆದುಕೊಂಡು ನಿಮ್ಮ ಜಾಗಕ್ಕೆ ಹೋಗಿ, ಹೀಗೆ. ಮುಂದಿನ ಕೂಗು ಏನೆಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ, ಕಿವಿಗೆ ಬಿದ್ದ ಕೂಡಲೇ ಕಾಲು ಓಡಬೇಕು. ನಮ್ಮ ಕೋಲಾಟವನ್ನು ಕೋಲಿಲ್ಲದೆ ಆಡಿದಂತೆ. ಜಪಾನಿನಲ್ಲಿ ಕುಣಿದರೂ ಜರ್ಮನಿಯಲ್ಲಿ ಕುಣಿದರೂ ಕೂಗು ಮಾತ್ರ ಇಂಗ್ಲಿಷಿನಲ್ಲೇ ಇರುತ್ತದಂತೆ. ಗುರುಶಾಂತಪ್ಪನವರಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಿಗ್ನಲ್ ಕೊಟ್ಟರೆ ಹೋಗಬೇಕು, ಕೊಡದಿದ್ದರೆ ನಿಲ್ಲಬೇಕು, ಯಾರೂ ಯಾರಿಗೂ ಡಿಕ್ಕಿ ಹೊಡೆಯಬಾರದು. ಅವರು ಮೂವತ್ತು ವರ್ಷ ಮಾಡಿದ ಕೆಲಸವೇ ಅದು.

ಅಲ್ಲಿ ಕೂಗುವವನು ಬ್ಯಾರಿ. ಎಂಬತ್ತರ ಹತ್ತಿರದ ಬಿಳಿ ಮುದುಕ, ಐವತ್ತು ವರ್ಷದಿಂದ ಅದೇ ಕಸುಬು. ಗುರುಶಾಂತಪ್ಪ ಎಂದು ಹೇಳಲು ಬಾರದೆ "ಗುರು" ಎನ್ನುತ್ತಿದ್ದ. ನನ್ನನ್ನೂ ಶಂಕರನಾರಾಯಣರನ್ನೂ ಬನ್ನಿ ಎಂದು ಚನ್ನಕ್ಕ ಎರಡು ಸಲ ಕರೆದಿದ್ದರು. ಇವರು ಮೊಣಕಾಲು ನೋವು ಎಂದರು, ನಾನು ಸಂಘದ ಕೆಲಸ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಲಾಕ್‌ಡೌನ್ ಮುಗಿದ ಮೇಲೆ ಗುರುಶಾಂತಪ್ಪನವರಿಗೆ ಮರೆವು ಶುರುವಾಯಿತು. ಮೊದಲು ಬೀಗದ ಕೈ, ಆಮೇಲೆ ದಾರಿ, ಆಮೇಲೆ ಇಂಗ್ಲಿಷ್. ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರೆ ಅವರು ಧಾರವಾಡದ ಮಾತಿನಲ್ಲಿ ಉತ್ತರ ಕೊಡುತ್ತಿದ್ದರು. ಡಿಮೆನ್ಷಿಯಾದಲ್ಲಿ ಕೊನೆಗೆ ಕಲಿತದ್ದು ಮೊದಲು ಹೋಗುತ್ತದಂತೆ. ಹಾಗೇ ಕಿರಣಕುಮಾರ ಹುಟ್ಟಿದ್ದೂ ಮರೆತು, ಕೊನೆಗೆ ಹೆಂಡತಿಯನ್ನೂ ಮರೆತರು. ನಲವತ್ತೆರಡು ವರ್ಷ ಸಂಸಾರ ಮಾಡಿದವಳನ್ನು ಯಾರೋ ದೊಡ್ಡ ಮನಸ್ಸಿನ ಹೆಂಗಸು ಎಂದುಕೊಂಡು "ಅಕ್ಕಾರ" ಎಂದು ಕರೆಯತೊಡಗಿದರು. ಅದನ್ನು ಮೊದಲ ಸಲ ಕೇಳಿದ ದಿನ ನಾನು ಮನೆಗೆ ಬಂದು ಅತ್ತಿದ್ದೆ. ಚನ್ನಕ್ಕ ಅಳುವುದನ್ನು ನಾನು ನೋಡಲಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ಚನ್ನಕ್ಕನ ಕಾರು ಸರ್ವಿಸ್‌ಗೆ ಹೋಗಿತ್ತು. ಮಂಗಳವಾರ ನಾನೇ ಅವರಿಬ್ಬರನ್ನೂ ಹಾಲ್‌ಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಗುರುಶಾಂತಪ್ಪನವರು ಹಿಂದಿನ ಸೀಟಿನಲ್ಲಿ ಕೈಚೀಲವನ್ನು ಎದೆಗೆ ಅವುಚಿಕೊಂಡು, "ಅಕ್ಕಾರ, ಊರು ಇನ್ನೂ ದೂರ ಐತೇನ್ರಿ?" ಎಂದು ಕೇಳುತ್ತಲೇ ಇದ್ದರು. ಹಾಲ್‌ನಲ್ಲಿ ಚನ್ನಕ್ಕ ಅವರನ್ನು ಕೈ ಹಿಡಿದು ಚೌಕದಲ್ಲಿ ನಿಲ್ಲಿಸಿದರು. ಬ್ಯಾರಿ ಹಾಡು ಹಚ್ಚಿ ಮೈಕಿನಲ್ಲಿ ಕೂಗಿದ. ಗುರುಶಾಂತಪ್ಪನವರ ಬೆನ್ನು ನೆಟ್ಟಗಾಯಿತು. ಎಡಗೈ ತಾನಾಗಿ ಪಕ್ಕದ ಹೆಂಗಸಿನ ಕಡೆ ಹೋಯಿತು. ಸುತ್ತಿದರು, ದಾಟಿದರು, ತಿರುಗಿದರು, ಒಂದು ಹೆಜ್ಜೆಯೂ ತಪ್ಪಲಿಲ್ಲ. ಇಂಗ್ಲಿಷಿನಲ್ಲಿ ನೀರು ಎಂದರೆ ಏನೆಂದು ತಿಳಿಯದ ಆ ತಲೆಗೆ ಬ್ಯಾರಿಯ ಒಂದೊಂದು ಕೂಗೂ ತಿಳಿಯುತ್ತಿತ್ತು. ನಡುವೆ ಚನ್ನಕ್ಕ ತಪ್ಪಿದರು. ಆಗ ಗುರುಶಾಂತಪ್ಪನವರು ಎಲ್ಲರ ಮುಂದೆ ಬೈದರು.

"ಏ ಚನ್ನೀ! ಆ ಕಡೆ ಅಲ್ಲ, ಈ ಕಡೆ. ಎಷ್ಟ ವರ್ಷ ಆತು, ಇನ್ನೂ ಉಲ್ಟಾ ತಿರಗಾಕತ್ತೀಯಲ್ಲ!"

ಚನ್ನಕ್ಕನ ಮುಖ ನೋಡಬೇಕಿತ್ತು. ಬೈಸಿಕೊಂಡು ಹಾಗೆ ಅರಳಿದ ಮುಖವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಬೇಕೆಂದೇ ತಪ್ಪುತ್ತಿದ್ದರೋ ಏನೋ. ಹನ್ನೆರಡು ಗಂಟೆಗೆ ಹಾಡು ನಿಂತಿತು. ವಾಪಸು ಬರುವಾಗ ಎರಡನೆಯ ಟ್ರಾಫಿಕ್ ಲೈಟ್ ದಾಟುವಷ್ಟರಲ್ಲಿ ಮತ್ತೆ ಅಕ್ಕಾರ, ಮತ್ತೆ ಊರು ದೂರ.

ಆ ದಿನ ನಮ್ಮ ಅಡುಗೆ ಮನೆಯಲ್ಲಿ ಕೂತು ಚನ್ನಕ್ಕ ಹೇಳಿದರು. "ವಾರಕ್ಕ ಎರಡ ತಾಸು ನನ್ನ ಗಂಡ ನನಗ ಸಿಗ್ತಾನ ಗಿರಿಜಾ. ಮಂಗಳವಾರ ಹತ್ತರಿಂದ ಹನ್ನೆರಡು. ಉಳದ ಆರ ದಿನ ನಾ ನರ್ಸ್ ಇದ್ದಂಗ. ಆ ಎರಡ ತಾಸು ಹೋತಂದ್ರ ನಂದೂ ಮುಗೀತು."

ಆ ಎರಡು ತಾಸು ಕೈತಪ್ಪಿ ಹೋಗುವ ಭಯ ಅವರಿಗೆ ಇದ್ದೇ ಇತ್ತು. ಒಂದು ಕಾಲದಲ್ಲಿ ಆ ಹಾಲ್‌ನಲ್ಲಿ ಆರು ಚೌಕ ಕುಣಿಯುತ್ತಿದ್ದವಂತೆ. ಈಗ ಉಳಿದದ್ದು ಒಂದೇ ಚೌಕ, ಸರಿಯಾಗಿ ಎಂಟು ಜನ, ಎಲ್ಲರೂ ಮುದುಕರು. ಹೊಸಬರು ಬಾರದಿದ್ದರೆ ಯಾವ ಮಂಗಳವಾರ ಯಾರು ಹಾಸಿಗೆ ಹಿಡಿಯುತ್ತಾರೋ ಎಂದು ಬ್ಯಾರಿಗೂ ಚಿಂತೆ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಹೂವು, ಹಕ್ಕಿ ಇದ್ದ ಹಾಗೆ ಒಂದು ಅಧಿಕೃತ ಜಾನಪದ ಕುಣಿತವೂ ಇದೆಯಂತೆ. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅದು ಸ್ಕ್ವೇರ್ ಡ್ಯಾನ್ಸೇ ಅಂತೆ. ನಮ್ಮ ನ್ಯೂ ಸೌತ್ ವೇಲ್ಸ್‌ಗೆ ವಾರಾಟಾ ಹೂವಿದೆ, ಕೂಕಬರಾ ಹಕ್ಕಿಯಿದೆ, ಕುಣಿತ ಮಾತ್ರ ಇಲ್ಲ. ಇದನ್ನೇ ರಾಜ್ಯದ ಕುಣಿತ ಎಂದು ಸರ್ಕಾರ ಒಪ್ಪಿದರೆ ಶಾಲೆಗಳಲ್ಲಿ ಕಲಿಸುತ್ತಾರೆ, ಮಕ್ಕಳ ಹಿಂದೆ ಅಪ್ಪ ಅಮ್ಮಂದಿರು ಬರುತ್ತಾರೆ, ಚೌಕ ಉಳಿಯುತ್ತದೆ. ಇದು ಬ್ಯಾರಿಯ ಲೆಕ್ಕಾಚಾರ. ಪಾರ್ಲಿಮೆಂಟಿಗೆ ಮನವಿ ಕೊಡಬೇಕು, ಐನೂರು ಸಹಿ ಇದ್ದರೆ ಮಂತ್ರಿ ಉತ್ತರ ಕೊಡಲೇಬೇಕು ಎಂದು ಯಾರೋ ಅವನಿಗೆ ಹೇಳಿದ್ದರು. ಕಂಪ್ಯೂಟರಿನಲ್ಲೂ ಮಾಡಬಹುದಿತ್ತು, ಆದರೆ ಅವನಿಗೆ ಕಾಗದದ ಮೇಲೆ ಶಾಯಿಯಲ್ಲಿ ಬರೆದದ್ದರ ಮೇಲೇ ನಂಬಿಕೆ.

ಚನ್ನಕ್ಕ ಹಾಳೆಗಳನ್ನು ಹಿಡಿದು ಮಾಲ್, ಲೈಬ್ರರಿ, ಸ್ಟೇಷನ್ ಎಲ್ಲ ಕಡೆ ನಿಂತರು. ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೈಯಲ್ಲಿ ಗಂಡನ ಕೈ. ಮೂರು ತಿಂಗಳಲ್ಲಿ ಮುನ್ನೂರ ನಲವತ್ತು ಸಹಿ ಆಯಿತು. ಆಮೇಲೆ ನನ್ನ ಹತ್ತಿರ ಬಂದರು. ನವೆಂಬರಿನ ರಾಜ್ಯೋತ್ಸವದ ದಿನ ಬಾಗಿಲ ಬಳಿ ಒಂದು ಟೇಬಲ್ ಹಾಕಲು ಬಿಡಬೇಕು, ಇಷ್ಟೇ ಅವರು ಕೇಳಿದ್ದು.

ನಾನು ಆಗಲ್ಲ ಅಂದೆ. ಕನ್ನಡ ರಾಜ್ಯೋತ್ಸವದ ದಿನ ಬಾಗಿಲಲ್ಲೇ ಬಿಳಿಯರ ಕುಣಿತಕ್ಕೆ ಸಹಿ ಕೇಳಿದರೆ ಕಮಿಟಿಯವರು ನನ್ನನ್ನು ಹುರಿದು ಮುಕ್ಕುತ್ತಾರೆ ಎಂದು ನನ್ನ ಭಯ. ಅವರ ಮುಖ ಸಣ್ಣಗಾಯಿತು. ಅದನ್ನು ನೋಡಲಾರದೆ ನಾಲಿಗೆ ಜಾರಿತು.

"ಟೇಬಲ್ ಎಲ್ಲಾ ಯಾಕೆ ಚನ್ನಕ್ಕ? ಶೀಟ್ಸ್ ನಂಗೆ ಕೊಟ್ಬಿಡಿ. ನಮ್ ಮೆಂಬರ್ಸ್ ಹತ್ರ ನಾನೇ ಮಾಡಿಸ್ಕೊಡ್ತೀನಿ. ಒಂದ್ ವಾರದಲ್ಲಿ ರೆಡಿ."

ವಾರವೆಲ್ಲ ಹೂವಿನ ಅಲಂಕಾರ, ಊಟದ ಪಟ್ಟಿ, ಮಕ್ಕಳ ನಾಟಕ. ಸಹಿಯ ನೆನಪಾದದ್ದು ಕೊಡಬೇಕಾದ ಹಿಂದಿನ ದಿನ. ಸಂಘದ ವಾಟ್ಸಾಪ್ ಗುಂಪಿಗೆ ವಿಷಯ ಹಾಕಿದೆ. ಅರ್ಧ ಗಂಟೆಯಲ್ಲಿ ಅರವತ್ತು ಹೆಬ್ಬೆಟ್ಟು ಬಂದವು. "ಹಾಕ್ಬಿಡಿ ಆಂಟಿ", "ನಮ್ಮನೇವ್ರದ್ದೂ ಸೇರಿಸ್ಬಿಡಿ ಆಂಟಿ". ಒಂದು ಕಾಲದಲ್ಲಿ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು, ಈಗ ದೊಡ್ಡ ದೊಡ್ಡ ಡಾಕ್ಟರುಗಳೂ ಹೆಬ್ಬೆಟ್ಟೇ ತೋರಿಸುತ್ತಾರೆ. ನಾನು ಸಂಘದ ಸದಸ್ಯರ ಪಟ್ಟಿ ತೆಗೆದಿಟ್ಟುಕೊಂಡು ಊಟದ ಮೇಜಿನ ಮುಂದೆ ಕೂತೆ. ಹೆಸರು, ವಿಳಾಸ, ಸಹಿ. ಹೆಸರು, ವಿಳಾಸ, ಸಹಿ. ನೋಡುವವರಿಗೆ ಚೆನ್ನಾಗಿರಲಿ ಎಂದು ಒಂದು ಸಾಲು ನೀಲಿ ಪೆನ್ನು, ಒಂದು ಸಾಲು ಕಪ್ಪು ಪೆನ್ನು. ಸಂಜೆಯ ಕಾಫಿಯ ಹೊತ್ತಿಗೆ ನೂರ ಎಪ್ಪತ್ತಾರು ಸಹಿ ತಯಾರು.

ನಂಬುತ್ತೀರೋ ಬಿಡುತ್ತೀರೋ, ಇದು ಕಳ್ಳ ಕೆಲಸ ಎಂದು ನನಗೆ ಹೊಳೆಯಲೇ ಇಲ್ಲ. ದೇವಸ್ಥಾನದಲ್ಲಿ ಪುರೋಹಿತರ ಮುಂದೆ ನಿಂತು ಮನೆಯ ಎಂಟು ಜನರ ಹೆಸರು, ನಕ್ಷತ್ರ ಎಲ್ಲ ನಾನೊಬ್ಬಳೇ ಹೇಳಿ ಅರ್ಚನೆ ಮಾಡಿಸುತ್ತೇನೆ. ಮಗ ಆಫೀಸಿನಲ್ಲಿ, ಸೊಸೆ ಜಿಮ್ಮಿನಲ್ಲಿ, ದೇವರು ಎಂದೂ ತಕರಾರು ಮಾಡಿಲ್ಲ. ಮದುವೆಯ ಉಡುಗೊರೆಯ ಮೇಲೆ, ಊರಿಗೆ ಹೋಗುವವರ ಬೀಳ್ಕೊಡುಗೆಯ ಕಾರ್ಡಿನ ಮೇಲೆ, ಸಂಘದ ಊಟದ ಪಟ್ಟಿಯಲ್ಲಿ, ಎಲ್ಲೆಲ್ಲೂ ಒಬ್ಬರ ಕೈ, ಹತ್ತು ಹೆಸರು. ನಮ್ಮವರಲ್ಲಿ ಒಪ್ಪಿಗೆ ಎಂದರೆ ಅದೇ. ಐದು ವರ್ಷದ ನನ್ನ ಮೊಮ್ಮಗಳು ಆದ್ಯಾಳ ಹೆಸರನ್ನೂ ಬರೆದು, ಸುರುಳಿ ಸುತ್ತಿ ಸಹಿ ಹಾಕಿದ್ದೆ.

ಮಾರನೆಯ ದಿನ ಚನ್ನಕ್ಕ ಹಾಳೆಗಳನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಅವಸರದಲ್ಲಿದ್ದರು, ಒಳಗೆ ಗಂಡ ಒಬ್ಬರೇ ಇದ್ದರು, ತೆರೆದು ನೋಡಲಿಲ್ಲ. "ನಿನ್ನ ಉಪಕಾರ ಮರೆಯಂಗಿಲ್ಲ ಗಿರಿಜಾ" ಎಂದು ಬೇಲಿಯ ಮೇಲಿಂದಲೇ ನನ್ನ ಕೈ ಹಿಡಿದರು. ನಾನು ದೊಡ್ಡ ಉಪಕಾರಿಯಂತೆ ನಕ್ಕೆ.

ಡಿಸೆಂಬರಿನಲ್ಲಿ ಒಂದು ಮಂಗಳವಾರ ಅವರ ಕಾರು ಹೊರಗೆ ಹೋಗಲಿಲ್ಲ. ಮುಂದಿನ ಮಂಗಳವಾರವೂ ಇಲ್ಲ. ಯಾಕೆ ಎಂದು ಕೇಳಿದೆ.

"ಕ್ಲಬ್ ಮುಚ್ಚಿದ್ರು" ಅಂದರು ಚನ್ನಕ್ಕ, ಒಣಗಿದ ಬಟ್ಟೆ ತೆಗೆಯುತ್ತ. ನನ್ನ ಕಡೆ ತಿರುಗಲಿಲ್ಲ.

"ಅಯ್ಯೋ ಪಾಪ. ಮತ್ತೆ ಆ ಪೆಟಿಷನ್?"

"ಅದೂ ಆಗಲಿಲ್ಲ ಬಿಡು."

ನಾನು ಪಾಪ ಪಾಪ ಎಂದು ಇನ್ನೆರಡು ಸಲ ಹೇಳಿ ಒಳಗೆ ಬಂದು ಕುಕ್ಕರ್ ಇಟ್ಟೆ. ಜನವರಿಯಲ್ಲಿ ಅವರು ಮನೆ ಬಾಡಿಗೆಗೆ ಕೊಟ್ಟು ಮೆಲ್ಬರ್ನಿಗೆ ಹೊರಟರು. ಕಿರಣಕುಮಾರನೂ ಅವನ ಹೆಂಡತಿ ಪಲ್ಲವಿಯೂ ಅಲ್ಲಿಯ ಬಾಕ್ಸ್ ಹಿಲ್‌ನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಚನ್ನಕ್ಕ ಒಬ್ಬರೇ ಗಂಡನನ್ನು ನೋಡಿಕೊಳ್ಳುವುದು ಕಷ್ಟ ಎಂದು ಮಗ ಬಹಳ ದಿನದಿಂದ ಕರೆಯುತ್ತಿದ್ದ. ಇಲ್ಲಿಯ ತನಕ ಮಂಗಳವಾರ ಬಿಟ್ಟು ಬರಲಾರೆ ಎಂದು ಅವರೇ ಹಟ ಹಿಡಿದಿದ್ದರು.

ಫೆಬ್ರವರಿಯ ಎರಡನೆಯ ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಪುಸ್ತಕ ಹಿಂದಿರುಗಿಸಲು ಲೈಬ್ರರಿಗೆ ಹೋಗಿದ್ದೆ. ಪಕ್ಕದ ಹಾಲ್‌ನಿಂದ ಹಾಡು ಕೇಳಿಸಿತು, ಬ್ಯಾರಿಯ ಕೂಗೂ ಕೇಳಿಸಿತು. ಬಾಗಿಲಲ್ಲಿ ನಿಂತು ನೋಡಿದೆ. ಆರು ಮುದುಕರು ಕುಣಿಯುತ್ತಿದ್ದರು. ಚೌಕದ ಒಂದು ಬದಿ ಖಾಲಿ. ಅಲ್ಲಿ ಜನ ಇದ್ದಾರೆಂದೇ ಅಂದುಕೊಂಡು, ಬರಿಯ ಗಾಳಿಗೆ ಕೈ ಕೊಟ್ಟು, ಗಾಳಿಯನ್ನು ಸುತ್ತಿ ಬರುತ್ತಿದ್ದರು.

ವಿರಾಮದಲ್ಲಿ ಬ್ಯಾರಿ ನನ್ನನ್ನು ಗುರುತು ಹಿಡಿದ. ಗುರು ಹೇಗಿದ್ದಾನೆ ಎಂದು ಮೊದಲು ಕೇಳಿದ. ಕ್ಲಬ್ ಮುಚ್ಚಿತಂತಲ್ಲ ಎಂದರೆ ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಚೀಲದಿಂದ ಒಂದು ಫೈಲ್ ತೆಗೆದು ತೋರಿಸಿದ. ನನ್ನ ಹಾಳೆಗಳು. ಶಾಸಕರ ಕಚೇರಿಯವರು ಪುಟಗಟ್ಟಲೆ ಪೆನ್ಸಿಲಿನಿಂದ ಗೀಟು ಎಳೆದು ವಾಪಸು ಕಳಿಸಿದ್ದರು, ಎಲ್ಲವೂ ಒಂದೇ ಕೈಬರಹ ಎಂದು. ನಾನು ಕಣ್ಣಾಡಿಸಿದೆ. ನೀಲಿ, ಕಪ್ಪು, ನೀಲಿ, ಕಪ್ಪು. ನಡುವೆ ಬದರಿನಾಥರ ಹೆಸರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು, ಹಳೆಯ ಪಟ್ಟಿಯಿಂದ ಅವರ ಹೆಸರು ತೆಗೆದೇ ಇರಲಿಲ್ಲ. ಸತ್ತವರಿಂದಲೂ ಸಹಿ ಹಾಕಿಸಿದ್ದೆ.

ಬ್ಯಾರಿ ಹೇಳಿದ. ಐವತ್ತು ವರ್ಷದಲ್ಲಿ ಯಾರೂ ತನ್ನನ್ನು ಮೋಸಗಾರ ಅಂದಿರಲಿಲ್ಲ. ಆ ಕಚೇರಿಯ ಹುಡುಗಿಯ ಮುಂದೆ ತಲೆ ತಗ್ಗಿಸಬೇಕಾಯಿತು. ಚನ್ನಕ್ಕನನ್ನು ಕರೆದು, ನಿಮ್ಮವರಲ್ಲಿ ಇದನ್ನು ಬರೆದವರು ಯಾರು ಎಂದು ಕೇಳಿದ. ಆಕೆ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ನಾನೇ ಬರೆದೆ ಅಂದಳು. ಸಿಟ್ಟಿನಲ್ಲಿ ತಾನು, ಸ್ವಲ್ಪ ದಿನ ಬರಬೇಡ ಎಂದುಬಿಟ್ಟ. ಸ್ವಲ್ಪ ದಿನ ಅಂದರೆ ಎರಡೋ ಮೂರೋ ವಾರ. ಅವಳು ಮತ್ತೆ ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಅವರ ಜಾಗ ಹಾಗೇ ಇದೆ, ಕೊಡಲು ಬೇರೆ ಯಾರೂ ಇಲ್ಲ ಎಂದು ಖಾಲಿ ಬದಿಯನ್ನು ತೋರಿಸಿದ. ಗುರುವನ್ನು ಕರೆತರಲು ಹೇಳು ಎಂದ.

ಅಲ್ಲೇ, ಆಗಲೇ, ಬರೆದವಳು ನಾನು ಎನ್ನಬಹುದಿತ್ತು. ಹೊರಗೆ ಬಂದು ಕಾರಿನಲ್ಲಿ ಕೂತು ಚನ್ನಕ್ಕನಿಗೆ ಒಂದು ಫೋನ್ ಮಾಡಬಹುದಿತ್ತು. ಮೆಲ್ಬರ್ನಿನಿಂದ ಸಿಡ್ನಿಗೆ ವಿಮಾನದಲ್ಲಿ ಒಂದೂವರೆ ಗಂಟೆ, ಅವರ ಮನೆಯಲ್ಲಿ ಬಾಡಿಗೆಯವರಿದ್ದರೆ ನಮ್ಮ ಮನೆಯಲ್ಲಿ ಎರಡು ರೂಮು ಖಾಲಿ ಇದ್ದವು. ಯಾವುದೂ ಕಷ್ಟವಿರಲಿಲ್ಲ. ಆದರೆ ಫೋನ್ ಮಾಡಿದರೆ ಮೊದಲ ಮಾತು ನನ್ನ ತಪ್ಪಿನದೇ ಆಗಬೇಕು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಶಿವರಾತ್ರಿ ಆಗಲಿ ಎಂದುಕೊಂಡೆ. ಆಮೇಲೆ ಇವರ ಕಣ್ಣಿನ ಪೊರೆಯ ಆಪರೇಷನ್ ಆಗಲಿ ಎಂದುಕೊಂಡೆ. ಯುಗಾದಿಯ ದಿನ ಚನ್ನಕ್ಕ ತಾವೇ ಫೋನ್ ಮಾಡಿದರು. ಗುರುಶಾಂತಪ್ಪನವರು ಹೇಗಿದ್ದಾರೆ ಎಂದು ಕೇಳಿದೆ.

"ಅದಾರ. ಇನ್ನೂ ಅದಾರ" ಅಂದರು.

ಆ ದನಿಯಲ್ಲಿ ಏನೋ ಹೇಳಲು ಹೊರಟಿದ್ದರು. ನಾನು ಬೇವು ಇಲ್ಲಿ ಸಿಗಲೇ ಇಲ್ಲ ಚನ್ನಕ್ಕ, ಬರೀ ಬೆಲ್ಲ ತಿಂದ್ವಿ ಎಂದು ಬೇರೆ ಮಾತಿಗೆ ಹಾರಿಬಿಟ್ಟೆ. ಹೀಗೆ ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು, ಮೇ ಹೋಯಿತು. ನನ್ನನ್ನು ನಾನು ಎಷ್ಟು ಬೈದುಕೊಂಡರೂ ಅಷ್ಟೇ, ಫೋನ್ ಮಾತ್ರ ಕೈಗೆ ಬರಲಿಲ್ಲ.

ಜೂನ್‌ನಲ್ಲಿ ನನ್ನ ತಮ್ಮನ ಮಗ ಋಷಿಯ ಗೃಹಪ್ರವೇಶ ಬಂತು, ಮೆಲ್ಬರ್ನಿನಲ್ಲಿ, ಬಾಕ್ಸ್ ಹಿಲ್‌ಗೆ ಹತ್ತು ನಿಮಿಷದ ದಾರಿ. ಅಲ್ಲಿ ತನಕ ಹೋಗಿ ಚನ್ನಕ್ಕನನ್ನು ನೋಡದೆ ಬಂದರೆ ಜನ ಏನೆಂದಾರು? ಇಷ್ಟು ದಿನ ನ್ಯಾಯ ಅನ್ಯಾಯ ಮಾಡಿಸಲಾಗದ ಕೆಲಸವನ್ನು ಜನರ ಬಾಯಿ ಮಾಡಿಸಿತು. ಹೊರಡುವ ಹಿಂದಿನ ವಾರ ಬ್ಯಾರಿಯ ಹತ್ತಿರ ಹೋಗಿ ನಿಜ ಹೇಳಿದೆ. ಅವನು ಬೈಯಲಿಲ್ಲ. ಗುರುವಿಗೆ ಒಂದು ಕುಣಿತ ಕಳಿಸುತ್ತೇನೆ ಎಂದು ನನ್ನ ಫೋನಿನಲ್ಲಿ ಹಾಡಿನ ಸಮೇತ ಪೂರ್ತಿ ಕೂಗಿ ರೆಕಾರ್ಡ್ ಮಾಡಿ ಕೊಟ್ಟ. ಅದನ್ನು ಕೇಳಿ ಗುರು ಎದ್ದು ಕುಣಿದರೆ, ಮುಂದಿನ ಮಂಗಳವಾರವೇ ಇಬ್ಬರನ್ನೂ ಕರೆದುಕೊಂಡು ಬಾ ಎಂದ. ನಾನು ಮೂವರಿಗೂ ವಾಪಸು ವಿಮಾನದ ಟಿಕೆಟ್ ನೋಡಿಟ್ಟುಕೊಂಡೇ ಹೋದೆ.

ಬಾಕ್ಸ್ ಹಿಲ್‌ನ ಆ ಅಪಾರ್ಟ್‌ಮೆಂಟ್ ಒಂಬತ್ತನೆಯ ಮಹಡಿಯಲ್ಲಿತ್ತು. ಹೊರಗೆ ಕೊರೆಯುವ ಚಳಿ. ಕಿರಣಕುಮಾರ ಆಫೀಸಿಗೆ, ಪಲ್ಲವಿ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದರು. ಚನ್ನಕ್ಕ ಬಾ ಬಾ ಎಂದು ತಬ್ಬಿಕೊಂಡರು. ಐದು ತಿಂಗಳಲ್ಲಿ ಅವರು ಅರ್ಧ ಆಗಿದ್ದರು, ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಗುರುಶಾಂತಪ್ಪನವರು ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದರು. ಸ್ವೆಟರಿನ ಗುಂಡಿಯನ್ನು ಬಿಚ್ಚುವುದು, ಹಾಕುವುದು, ಬಿಚ್ಚುವುದು.

ಚಹಾ ಕುಡಿಯುವ ಮೊದಲೇ ಹೇಳಿಬಿಟ್ಟೆ. "ಚನ್ನಕ್ಕ, ಆ ಸಹಿ ಎಲ್ಲಾ ಬರೆದಿದ್ದು ನಾನು."

"ಗೊತ್ತೈತಿ" ಅಂದರು. "ಊಟದ ಲಿಸ್ಟಿನಾಗ ಒಂಬತ್ತ ವರ್ಷ ನಿನ್ನ ಅಕ್ಷರ ನೋಡೀನಿ. ಬ್ಯಾರಿ ಹಾಳಿ ಕೈಗೆ ಕೊಟ್ಟ ಕೂಡಲೇ ಗೊತ್ತಾತು."

"ಮತ್ತೆ ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ನಿನ್ನ ಹೆಸರು ಹೇಳಿದ್ರ ಸಂಘದ ಹೆಸರು ಬರ್ತಿತ್ತು. ಅದರಾಗ ನೂರಾರು ಮಂದಿ ಮನೀ ವಿಳಾಸ ಅದಾವ. ಎಲ್ಲಾರನೂ ಕಳ್ಳರು ಅಂತಿದ್ರು. ನಂದೊಂದ ಹೋದ್ರ ಹೋಗ್ಲಿ, ಎರಡ ವಾರದಾಗ ಬ್ಯಾರಿ ಸಿಟ್ಟು ಇಳಿತೈತಿ ಅಂದ್ಕೊಂಡೆ. ಆಮ್ಯಾಲ ಅಂವ ಫೋನ್ ಮಾಡಿದ್ರೂ ಎತ್ತಾಕ ನನಗ ಮಾರಿ ಇರಲಿಲ್ಲ ಗಿರಿಜಾ. ಇಲ್ಲೂ ಒಂದ ಕ್ಲಬ್ ಐತಂತ. ಕುಣಿಯೋ ಮಂದಿ ಎಲ್ಲಾ ಒಬ್ಬರಿಗೊಬ್ಬರು ಗುರ್ತು, ಸುದ್ದಿ ಇಲ್ಲೂ ಮುಟ್ಟಿರತೈತಿ ಅಂತ ಹೋಗಲೇ ಇಲ್ಲ."

ಬ್ಯಾರಿಗೆ ನಿಜ ಹೇಳಿದ್ದೇನೆ, ಅವನು ಬಾ ಎಂದಿದ್ದಾನೆ, ಜಾಗ ಖಾಲಿ ಇಟ್ಟಿದ್ದಾನೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ನಾನು ಫೋನ್ ತೆಗೆದು ಮೇಜಿನ ಮೇಲೆ ಇಟ್ಟು, ದನಿ ಪೂರ್ತಿ ಏರಿಸಿ ಹಚ್ಚಿದೆ.

ಬ್ಯಾರಿ ಗುರು ಎಂದು ಕರೆದ. ಹಾಡು ಶುರುವಾಯಿತು. ಚನ್ನಕ್ಕ ಗಂಡನ ಕಂಬಳಿ ತೆಗೆದು, ಎರಡೂ ಕೈ ಹಿಡಿದು ಎಬ್ಬಿಸಿ ನಿಲ್ಲಿಸಿದರು. ಕೂಗು ಬಂತು. ಪಕ್ಕದವರಿಗೆ ಎಡಗೈ ಕೊಡುವ ಕೂಗು, ವರ್ಷಗಟ್ಟಲೆ ಅವರು ಕೇಳಿದ ಕೂಗು. ನಾನು ಪಕ್ಕದಲ್ಲಿ ನಿಂತು ಎಡಗೈ ಚಾಚಿದೆ. ಅವರ ಕೈ ಸ್ವೆಟರಿನ ಗುಂಡಿಯ ಮೇಲೇ ಇತ್ತು. ಇನ್ನೊಂದು ಕೂಗು ಬಂತು, ಮತ್ತೊಂದು ಬಂತು. ಅವರು ಫೋನಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಆಮೇಲೆ ಹೆಂಡತಿಯ ಕಡೆ ತಿರುಗಿ ಮರ್ಯಾದೆಯಿಂದ ಕೇಳಿದರು.

"ಅಂವ ಏನ್ ಹೇಳಾಕತ್ತಾನ್ರೀ ಅಕ್ಕಾರ?"

"ಕುಣೀರಿ ಅಂತ ಹೇಳಾಕತ್ತಾನ್ರಿ" ಅಂದರು ಚನ್ನಕ್ಕ.

"ನನಗ ಬರಂಗಿಲ್ಲರಿ" ಎಂದು ಅವರು ಕುರ್ಚಿಗೆ ಕೂತರು. ಹಾಡು ಇನ್ನೂ ನಡೆಯುತ್ತಿತ್ತು. ಚನ್ನಕ್ಕ ಅದನ್ನು ನಿಲ್ಲಿಸಲಿಲ್ಲ, ಕೊನೆಯ ತನಕ ನಿಂತೇ ಕೇಳಿದರು. ನಾನು ತಡೆಯಲಾರದೆ ಅಳತೊಡಗಿದೆ. ಅವರು ನನ್ನ ಪಕ್ಕ ಬಂದು ಕೂತರು.

"ಏಪ್ರಿಲ್ ತನಕ ಬರ್ತಿತ್ತು" ಅಂದರು. "ಬ್ಯಾರಿ ಕೂಗಿದ್ದೆಲ್ಲಾ ನನಗ ಬಾಯಿಪಾಠ. ಮಂಗಳವಾರ ಹತ್ತಕ್ಕ ಅಡಿಗಿ ಮನ್ಯಾಗ ನಾನ ಕೂಗತಿದ್ದೆ. ಮೊದಲ ಮೊದಲ ಪೂರಾ ಕುಣೀತಿದ್ರು, ಬೈತಿದ್ರು. ಆಮ್ಯಾಲ ಅರ್ಧ. ಆ ದನಿ ಬೇಕಿತ್ತು, ಆ ಮಂದಿ ಬೇಕಿತ್ತು, ನನ್ನೊಬ್ಬಾಕಿಯಿಂದ ಎಷ್ಟ ದಿನ ಆಗತೈತಿ? ಈಸ್ಟರ್ ಆದ ವಾರ ಕೂಗಿದೆ, ಸುಮ್ನ ನಿಂತು ನನ್ನ ಮಾರಿ ನೋಡಿದ್ರು. ಅಲ್ಲಿಗೆ ಮುಗೀತು. ಅದಕ್ಕೂ ಮೊದಲ ಯಾರರೆ ನಮ್ಮನ್ನ ಆ ಹಾಲ್‌ಗೆ ಕರಕೊಂಡು ಹೋಗಿದ್ರ ಉಳೀತಿತ್ತೋ ಏನೋ."

ಅವರು ಸೆರಗಿನಿಂದ ನನ್ನ ಕಣ್ಣು ಒರೆಸಿದರು. ಆಮೇಲೆ ಸುಮ್ಮನೆ, ಯಾವ ಸಂಶಯವೂ ಇಲ್ಲದೆ ಕೇಳಿದರು.

"ಬ್ಯಾರಿ ಇದನ್ನೆಲ್ಲಾ ನಿನಗ ಯಾವಾಗ ಹೇಳಿದ?"

"ಹೋದ್ ವಾರ" ಅಂದೆ.

"ಹಂಗಾದ್ರ ನಿನಗರೆ ಏನ್ ಮಾಡಾಕ ಬರ್ತಿತ್ತು, ಬಿಡು" ಎಂದು ಚನ್ನಕ್ಕ ನನ್ನ ಬೆನ್ನು ಸವರಿದರು. "ಅಳಬ್ಯಾಡ. ಗೊತ್ತಾದ ಕೂಡಲೇ ಓಡಿ ಬಂದೀಯಲ್ಲ, ಅಷ್ಟ ಸಾಕು."